ಛಿಟ್‌ಮಹಲ್: ಎಕರೆ ಲೆಕ್ಕದಲ್ಲಿ ಕಳೆದ 41 ವರ್ಷ

ದಹಲಾ ಖಾಗ್ರಾಬಾಡಿ ಅಂತ ಒಂದು ಸೆಣಬಿನ ಹೊಲ. ಹೆಚ್ಚೆಂದರೆ ಎಪ್ಪತ್ತು ಗುಂಟೆ. 2015ರ ಜುಲೈವರೆಗೆ ಅದು ಭಾರತದ ನೆಲ. ಅದರ ಸುತ್ತ ಬಾಂಗ್ಲಾದೇಶದ ಹಳ್ಳಿ, ಆ ಹಳ್ಳಿಯ ಸುತ್ತ ಮತ್ತೆ ಭಾರತದ ಹಳ್ಳಿ, ಅದರಾಚೆ ನಾಲ್ಕೂ ದಿಕ್ಕಿಗೆ ಬಾಂಗ್ಲಾದೇಶ. ಹೊಲದ ರೈತ ಬಾಂಗ್ಲಾದೇಶದವನು. ಕಳೆ ಕೀಳಲು ಹೊರಟರೂ ಕಾಗದದ ಮೇಲೆ ಅದು ವಿದೇಶ ಪ್ರಯಾಣ.

ಇಂಥ ತುಂಡುಗಳಿಗೆ ಬಂಗಾಳಿಯಲ್ಲಿ ಛಿಟ್‌ಮಹಲ್ ಅನ್ನುತ್ತಾರೆ. ಛಿಟ್ ಎಂದರೆ ಚೂರು. ಈಗ ಪಶ್ಚಿಮ ಬಂಗಾಳದಲ್ಲಿರುವ ಕೂಚ್‌ಬಿಹಾರದ ರಾಜನೂ ಈಗ ಬಾಂಗ್ಲಾದೇಶದಲ್ಲಿರುವ ರಂಗಪುರದ ಅಧಿಪತಿಯೂ ಚದುರಂಗದಲ್ಲಿ ಹಳ್ಳಿಗಳನ್ನು ಪಣಕ್ಕಿಟ್ಟು ಆಡಿದರು, ಅದಕ್ಕೇ ಹೀಗಾಯಿತು ಅನ್ನುವುದು ಅಲ್ಲಿನ ಕಥೆ. ಪಗಡೆಯಾಟದ ಕಥೆ ಕೇಳಿ ಬೆಳೆದ ನಾವು ಸುಲಭವಾಗಿ ನಂಬಿಬಿಡುತ್ತೇವೆ. ನಿಜ ಸಂಗತಿ ಅಷ್ಟು ರಂಜಕವಲ್ಲ. 18ನೇ ಶತಮಾನದ ಆರಂಭದಲ್ಲಿ ಮೊಘಲರಿಗೂ ಕೂಚ್‌ಬಿಹಾರಕ್ಕೂ ರಾಜಿಯಾದಾಗ ಯಾವ ಹಳ್ಳಿ ಯಾರ ಕೈಯಲ್ಲಿತ್ತೋ ಅವರಿಗೇ ಉಳಿಯಿತು. ಕಂದಾಯ ಯಾರಿಗೆ ಕಟ್ಟಬೇಕು ಎಂಬುದಷ್ಟೇ ಆಗಿನ ಪ್ರಶ್ನೆ. ಬ್ರಿಟಿಷರ ಬಳ್ಳಾರಿ ಜಿಲ್ಲೆಯ ನಡುವೆ ಸಂಡೂರು, ಧಾರವಾಡದ ನಡುವೆ ಸವಣೂರು ಸಂಸ್ಥಾನ ಇರಲಿಲ್ಲವೇ, ಹಾಗೆ. ನಮ್ಮವು ಸದ್ದಿಲ್ಲದೆ ಅಕ್ಕಪಕ್ಕದ ಜಿಲ್ಲೆಯಲ್ಲಿ ಕರಗಿದವು. ಕೂಚ್‌ಬಿಹಾರ 1949ರಲ್ಲಿ ಭಾರತ ಸೇರಿದಾಗ ಅದರ ಚೂರುಗಳು ಮಾತ್ರ ಪೂರ್ವ ಪಾಕಿಸ್ತಾನದ ಹೊಟ್ಟೆಯೊಳಗೆ ಉಳಿದುಬಿಟ್ಟವು.

ಅದಲುಬದಲು ಮಾಡಿಕೊಳ್ಳೋಣ ಎಂದು 1958ರಲ್ಲೇ ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಒಪ್ಪಿದ್ದರು. ನೆಲ ಬಿಟ್ಟುಕೊಡಲು ಸಂವಿಧಾನವನ್ನೇ ತಿದ್ದಬೇಕು ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಿದ್ದುಪಡಿಯೂ ಆಯಿತು, ಕೆಲಸ ಆಗಲಿಲ್ಲ. ಬಾಂಗ್ಲಾದೇಶ ಹುಟ್ಟಿದ ಮೇಲೆ, 1974ರಲ್ಲಿ ಇಂದಿರಾ ಗಾಂಧಿ ಮತ್ತು ಶೇಖ್ ಮುಜಿಬ್ ಹೊಸದಾಗಿ ಸಹಿ ಹಾಕಿದರು. ಢಾಕಾ ಆ ವರ್ಷವೇ ಅನುಮೋದಿಸಿತು. ದೆಹಲಿಗೆ 41 ವರ್ಷ ಬೇಕಾಯಿತು.

ತೊಡಕು ಲೆಕ್ಕದ್ದು. ಬಾಂಗ್ಲಾದೇಶದೊಳಗೆ ನಮ್ಮವು 111 ತುಂಡು, 17,160 ಎಕರೆ. ನಮ್ಮೊಳಗೆ ಅವರವು 51, 7,110 ಎಕರೆ. ಬದಲಾಯಿಸಿಕೊಂಡರೆ ಹತ್ತು ಸಾವಿರ ಎಕರೆ ಕೈಬಿಡುತ್ತದೆ ಎಂಬ ಮಾತು ಭಾಷಣಕ್ಕೆ ಒಳ್ಳೆಯ ಸರಕು. ಆ ಎಕರೆಗಳಿಗೆ ನಮ್ಮ ತಹಶೀಲ್ದಾರ್ ಇರಲಿ, ಪೋಸ್ಟ್‌ಮ್ಯಾನ್ ಕೂಡ ಕಾಲಿಡಲಾಗುತ್ತಿರಲಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ.

ಅಲ್ಲಿದ್ದವರ ಬದುಕು ಹೇಗಿತ್ತು? ವೋಟಿಲ್ಲ, ರೇಷನ್ ಕಾರ್ಡಿಲ್ಲ, ಪೊಲೀಸರಿಲ್ಲ. ಕರೆಂಟ್ ಕಂಬಗಳು ಊರ ಅಂಚಿಗೆ ಬಂದು ನಿಲ್ಲುತ್ತಿದ್ದವು. ಕಳ್ಳತನವಾದರೆ ದೂರು ಕೊಡಲು ಠಾಣೆಯೇ ಬೇರೆ ದೇಶದಲ್ಲಿ. ಕೂಚ್‌ಬಿಹಾರದೊಳಗಿನ ಬಾಂಗ್ಲಾ ತುಂಡಾದ ಮಶಾಲ್‌ಡಾಂಗಾದಂಥ ಕಡೆ ಮಗುವನ್ನು ಶಾಲೆಗೆ ಸೇರಿಸಬೇಕಾದರೆ ಪಕ್ಕದ ಭಾರತದ ಹಳ್ಳಿಯಲ್ಲಿ ಪರಿಚಯದವರನ್ನು ಹುಡುಕಿ, ಕಾಡಿ ಬೇಡಿ, ಅಪ್ಪನ ಕಾಲಂನಲ್ಲಿ ಅವರ ಹೆಸರು ಬರೆಸಬೇಕಿತ್ತು. ಹೆರಿಗೆಗೆ ಆಸ್ಪತ್ರೆ ಸೇರುವ ಹೆಂಗಸು ಇನ್ನೊಬ್ಬರ ಗಂಡನ ಹೆಸರು ಹೇಳುತ್ತಿದ್ದಳು. ಸ್ವಂತ ಅಪ್ಪ ಶಾಲೆಯ ಗೇಟಿನ ಹೊರಗೆ ನಿಂತಿದ್ದರೂ ದಾಖಲೆಯಲ್ಲಿ ಅಪ್ಪ ಬೇರೆಯವನು. ದೊಡ್ಡವರಾದ ಮೇಲೆ ಆ ಮಾರ್ಕ್ಸ್‌ಕಾರ್ಡ್ ಹಿಡಿದು ಕೆಲಸ ಕೇಳಲು ಹೋದವರ ಪಾಡು ಊಹಿಸಿಕೊಳ್ಳಿ.

2011ರ ಜಂಟಿ ಗಣತಿಯಲ್ಲಿ ಸಿಕ್ಕ ತಲೆಗಳು 51,549. ಅದೇ ವರ್ಷ ಢಾಕಾದಲ್ಲಿ ಪೂರಕ ಒಪ್ಪಂದಕ್ಕೆ ಸಹಿ ಬಿತ್ತು. ಮಸೂದೆ ಮತ್ತೆ ಎಳೆದಾಡಿತು. ವಿರೋಧ ಪಕ್ಷದಲ್ಲಿದ್ದಾಗ ಬೇಡವಾದದ್ದು ಅಧಿಕಾರಕ್ಕೆ ಬಂದಾಗ ಬೇಕಾಗುವುದು ನಮ್ಮಲ್ಲಿ ಹೊಸದೇನಲ್ಲ. 2015ರ ಮೇನಲ್ಲಿ ಒಂದೂ ವಿರುದ್ಧ ಮತವಿಲ್ಲದೆ ಸಂವಿಧಾನದ 100ನೇ ತಿದ್ದುಪಡಿ ಪಾಸಾಯಿತು. ಜುಲೈ 31ರ ನಡುರಾತ್ರಿ ಅದಲುಬದಲು ಜಾರಿಗೆ ಬಂದಾಗ ಛಿಟ್‌ಮಹಲ್‌ಗಳಲ್ಲಿ 68 ಮೇಣದಬತ್ತಿ ಹಚ್ಚಿದರು, 1947ರಿಂದ ವರ್ಷಕ್ಕೊಂದರಂತೆ.

ಬಾಂಗ್ಲಾದೇಶದೊಳಗಿದ್ದ 37,000 ಮಂದಿಯಲ್ಲಿ ಭಾರತಕ್ಕೆ ಬಂದವರು ಸಾವಿರಕ್ಕೂ ಕಡಿಮೆ. ಲಕ್ಷಗಟ್ಟಲೆ ಜನ ನುಗ್ಗುತ್ತಾರೆ ಎಂದು ಹೆದರಿಸಿದವರು ಆಮೇಲೆ ಆ ಮಾತೆತ್ತಲಿಲ್ಲ. ಬಂದವರನ್ನು ದಿನ್‌ಹಾಟಾ, ಮೇಖ್ಲಿಗಂಜ್, ಹಲ್ದಿಬಾಡಿಯ ಶಿಬಿರಗಳಲ್ಲಿ ತಗಡಿನ ಕೋಣೆಗಳಿಗೆ ಇಳಿಸಿದರು. ಬಂಗಾಳದ ಬಿಸಿಲಿಗೆ ತಗಡು!

ಎಲ್ಲವೂ ಅಳಿಸಿಹೋಗಿಲ್ಲ. ದಹಗ್ರಾಮ್-ಅಂಗರ್‌ಪೋತಾ ಇಂದಿಗೂ ಭಾರತದ ನೆಲದಿಂದ ಸುತ್ತುವರಿದ ಬಾಂಗ್ಲಾದೇಶ. ಅಲ್ಲಿಂದ ತಾಯ್ನಾಡಿಗೆ ಹೋಗಲು ಇರುವುದು ತೀನ್ ಬಿಘಾ ಎಂಬ 178 ಮೀಟರ್‌ನ ಓಣಿ. 1992ರಲ್ಲಿ ತೆರೆದಾಗ ಹಗಲಿನಲ್ಲಿ ಗಂಟೆ ಬಿಟ್ಟು ಗಂಟೆ ಮಾತ್ರ ದಾರಿ, 2011ರಿಂದ ದಿನವಿಡೀ. ಓಣಿಯ ನಡುವೆ ಎರಡು ದೇಶದ ರಸ್ತೆಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಕಾವಲಿನ ಬಿಎಸ್‌ಎಫ್ ಜವಾನರು ಅಲ್ಲಿ ಟ್ರಾಫಿಕ್ ಪೊಲೀಸರೂ ಹೌದು.