ಹಠದ ಮಗು, ಮಂಕು ಮಗು: ಮೊದಲು ಕಬ್ಬಿಣಾಂಶ ನೋಡಿ

ಹದಿನೈದು ತಿಂಗಳ ಮಗು. ತೂಕ ಸರಿಯಾಗಿದೆ, ಕೆನ್ನೆ ತುಂಬಿದೆ. ಆದರೆ ಅಮ್ಮನ ಸೊಂಟ ಬಿಟ್ಟು ಇಳಿಯುವುದಿಲ್ಲ. ಆಟಿಕೆ ಕೊಟ್ಟರೆ ಒಂದು ಸಲ ತಿರುಗಿಸಿ ಬಿಸಾಡುತ್ತದೆ. ಹಗಲೆಲ್ಲ ಕಿರಿಕಿರಿ, ರಾತ್ರಿ ಪದೇ ಪದೇ ಎದ್ದು ಕಾಲು ಒದೆಯುತ್ತದೆ. ಮನೆಯವರ ಹತ್ತಿರ ಕಾರಣಗಳು ಸಿದ್ಧವಿರುತ್ತವೆ: "ಹಲ್ಲು ಬರ್ತಿದೆ", "ದೃಷ್ಟಿ ಆಗಿದೆ", "ಅವರಪ್ಪನ ಥರಾನೇ ಹಠ". ಇರಬಹುದು. ಆದರೆ ಊಟದ ಬಗ್ಗೆ ಕೇಳಿದಾಗ ದಿನಕ್ಕೆ ಮುಕ್ಕಾಲು ಲೀಟರ್ ಹಸುವಿನ ಹಾಲು, ಟೀಯಲ್ಲಿ ಅದ್ದಿದ ಬಿಸ್ಕತ್ತು, ಎರಡು ತುತ್ತು ಅನ್ನ ಎಂಬ ಉತ್ತರ ಬಂದರೆ, ಸ್ವಭಾವದ ಮಾತು ಬದಿಗಿಟ್ಟು ಮೊದಲು ಕಬ್ಬಿಣಾಂಶ ನೋಡಬೇಕು.

ಕಬ್ಬಿಣ ಬೇಕಾದದ್ದು ರಕ್ತಕ್ಕೆ ಮಾತ್ರವಲ್ಲ. ನರತಂತುಗಳಿಗೆ ಮೈಲಿನ್ ಎಂಬ ಹೊದಿಕೆ ಕಟ್ಟುವುದಕ್ಕೆ, ಗಮನ ಮತ್ತು ಉತ್ಸಾಹಕ್ಕೆ ಆಧಾರವಾದ ಡೋಪಮಿನ್ ತಯಾರಾಗುವುದಕ್ಕೆ, ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್ ಬೆಳೆಯುವುದಕ್ಕೆ ಕಬ್ಬಿಣ ಬೇಕೇ ಬೇಕು. ಈ ಮೂರೂ ಕೆಲಸಗಳು ಭರದಿಂದ ನಡೆಯುವ ಕಾಲ 6ರಿಂದ 24 ತಿಂಗಳು. ತೊಂದರೆಯೇನೆಂದರೆ, ಕಬ್ಬಿಣ ಸಾಲದಾದಾಗ ದೇಹ ಇರುವಷ್ಟನ್ನು ಮೊದಲು ಕೆಂಪು ರಕ್ತಕಣಗಳಿಗೆ ಕೊಡುತ್ತದೆ, ಮೆದುಳಿನ ಸರದಿ ಆಮೇಲೆ. ಹಾಗಾಗಿ ಹೀಮೋಗ್ಲೋಬಿನ್ ಇನ್ನೂ (ಡೆಸಿಲೀಟರಿಗೆ) 11 ಗ್ರಾಂ ಮೇಲಿರುವಾಗಲೇ, ಅಂದರೆ ರಕ್ತಹೀನತೆ ಕಾಣದಿರುವಾಗಲೇ, ಮೆದುಳಿಗೆ ಕೊರತೆ ಶುರುವಾಗಿರಬಹುದು.

ಕೊರತೆಯ ಭಯ ಆರು ತಿಂಗಳಿಂದ ಶುರುವಾಗುವುದಕ್ಕೆ ಹುಟ್ಟಿನ ಲೆಕ್ಕವೂ ಕಾರಣ. ಅವಧಿ ತುಂಬಿ ಹುಟ್ಟಿದ ಮಗು ಯಕೃತ್ತಿನಲ್ಲಿ ಸುಮಾರು ಆರು ತಿಂಗಳಿಗಾಗುವಷ್ಟು ಕಬ್ಬಿಣ ತಂದಿರುತ್ತದೆ. ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ತಡೆದು ಕತ್ತರಿಸಿದರೆ ಈ ದಾಸ್ತಾನು ಇನ್ನಷ್ಟು ಹೆಚ್ಚುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಅಥವಾ ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿನಲ್ಲಿ ದಾಸ್ತಾನೇ ಕಡಿಮೆ. ಅಂಥ ಮಗುವಿಗೆ ಆರು ತಿಂಗಳು ಕಾಯುವಂತಿಲ್ಲ, ಮೊದಲ ತಿಂಗಳುಗಳಲ್ಲೇ ವೈದ್ಯರು ಕಬ್ಬಿಣದ ಹನಿ ಶುರುಮಾಡುತ್ತಾರೆ.

ಇನ್ನು ಹಾಲಿನ ವಿಚಾರ. ತಾಯಿಹಾಲಿನಲ್ಲೂ ಹಸುವಿನ ಹಾಲಿನಲ್ಲೂ ಕಬ್ಬಿಣ ಒಂದು ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು, ಅಷ್ಟೇ. ಆದರೆ ತಾಯಿಹಾಲಿನ ಕಬ್ಬಿಣದಲ್ಲಿ ಅರ್ಧದಷ್ಟು ಮೈಗೆ ಹತ್ತುತ್ತದೆ, ಹಸುವಿನ ಹಾಲಿನದ್ದು ಹತ್ತರಲ್ಲಿ ಒಂದು ಪಾಲು. ಅದರ ಕ್ಯಾಲ್ಸಿಯಂ ಮತ್ತು ಕೇಸೀನ್ ಎಂಬ ಪ್ರೋಟೀನ್ ಉಳಿದ ಆಹಾರದ ಕಬ್ಬಿಣವನ್ನೂ ತಡೆಯುತ್ತವೆ. ವರ್ಷದೊಳಗಿನ ಕೆಲವು ಶಿಶುಗಳಲ್ಲಿ ಹಸುವಿನ ಹಾಲು ಕಣ್ಣಿಗೆ ಕಾಣದಷ್ಟು ಕರುಳಿನ ರಕ್ತಸ್ರಾವಕ್ಕೂ ಕಾರಣವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹಾಲಿನಿಂದ ಹೊಟ್ಟೆ ತುಂಬಿದ ಮಗುವಿಗೆ ಊಟ ಬೇಡ. ತೂಕದ ಚಾರ್ಟಿನಲ್ಲಿ ಇದು ಗೊತ್ತಾಗುವುದಿಲ್ಲ. ವರ್ಷ ತುಂಬುವವರೆಗೆ ಹಸುವಿನ ಹಾಲನ್ನು ಮುಖ್ಯ ಆಹಾರ ಮಾಡಬೇಡಿ. ಆಮೇಲೆ ದಿನಕ್ಕೆ 400-500 ಮಿ.ಲೀ. ಸಾಕು, ಅದೂ ಲೋಟದಲ್ಲಿ, ಊಟದ ನಂತರ. ಬಾಟಲಿ ಇರುವವರೆಗೂ ಅಳತೆ ಕೈಗೆ ಸಿಗುವುದಿಲ್ಲ. ಟೀ ಮಕ್ಕಳಿಗೆ ಬೇಡವೇ ಬೇಡ. ಅದರ ಪಾಲಿಫಿನಾಲ್‌ಗಳು ಊಟದ ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ.

ರಾಗಿಗೆ ನಮ್ಮಲ್ಲಿ ಇರುವ ಗೌರವ ದೊಡ್ಡದು, ಆದರೆ ಅದರ ನಿಜವಾದ ಬಲ ಕ್ಯಾಲ್ಸಿಯಂ. ನೂರು ಗ್ರಾಂ ರಾಗಿಯಲ್ಲಿ ಕಬ್ಬಿಣ ನಾಲ್ಕೂವರೆ ಮಿ.ಗ್ರಾಂ. ಆಸುಪಾಸು, ಅದನ್ನೂ ಧಾನ್ಯದಲ್ಲೇ ಇರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ವಸ್ತುಗಳು ಹಿಡಿದಿಟ್ಟಿರುತ್ತವೆ. ಅಜ್ಜಿಯರು ರಾಗಿ ಸರಿ ಮಾಡುತ್ತಿದ್ದ ಕ್ರಮದಲ್ಲಿ ಇದಕ್ಕೆ ಪರಿಹಾರವಿತ್ತು: ತೊಳೆದ ರಾಗಿಯನ್ನು ಹತ್ತು-ಹನ್ನೆರಡು ಗಂಟೆ ನೆನೆಹಾಕಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ಒಂದರಿಂದ ಒಂದೂವರೆ ದಿನ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸುವುದು. ಮೊಳಕೆ ಬರುವಾಗ ಫೈಟೇಟ್ ಒಡೆಯುತ್ತದೆ, ಸೋಸುವಾಗ ಸಿಪ್ಪೆಯ ಟ್ಯಾನಿನ್ ಹೋಗುತ್ತದೆ. ಜೊತೆಗೆ ಪಿಷ್ಟವೂ ಒಡೆಯುವುದರಿಂದ ಗಂಜಿ ಅಂಟಂಟಾಗದೆ, ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಈಗ ನಡೆಯುವುದು ಹಸಿ ರಾಗಿಹಿಟ್ಟನ್ನು ನೇರವಾಗಿ ಹಾಲಲ್ಲಿ ಕುದಿಸುವ ಅಡ್ಡದಾರಿ. ಹೊಟ್ಟೆ ತುಂಬುತ್ತದೆ, ಕಬ್ಬಿಣ ಸಿಗುವುದು ಅತ್ಯಲ್ಪ.

ದಾಳಿಂಬೆ, ಬೀಟ್‌ರೂಟ್‌ಗಳ ಕೆಂಪು ಬಣ್ಣ ನೋಡಿ ಮೋಸಹೋಗಬೇಡಿ. ನೂರು ಗ್ರಾಂ ದಾಳಿಂಬೆಯಲ್ಲಿ ಕಬ್ಬಿಣ ಅರ್ಧ ಮಿ.ಗ್ರಾಂ. ಕೂಡ ಇಲ್ಲ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 8 ಮಿ.ಗ್ರಾಂ. ಮಾಂಸ ತಿನ್ನುವ ಮನೆಯಾದರೆ ವಾರದಲ್ಲಿ ಒಂದೆರಡು ಸಲ ಚೆನ್ನಾಗಿ ಬೇಯಿಸಿ ಅರೆದ ಕೋಳಿಯ ಈಲಿ ಎರಡು ಚಮಚ, ಉಳಿದ ದಿನ ಮೀನು ಅಥವಾ ಮಾಂಸ. ಇವುಗಳ ಕಬ್ಬಿಣ ಸುಲಭವಾಗಿ ಹತ್ತುತ್ತದೆ. ಸಸ್ಯಾಹಾರಿಗಳಿಗೆ ಮೊಳಕೆ ಹುರುಳಿಕಟ್ಟು, ಅಲಸಂದೆ, ದಂಟು-ನುಗ್ಗೆ ಸೊಪ್ಪು, ಅವಲಕ್ಕಿ ಇವೆ. ಆದರೆ ತಟ್ಟೆಯ ಮೇಲೆ ನಿಂಬೆರಸ ಹಿಂಡಬೇಕು, ಇಲ್ಲವೇ ಪಕ್ಕದಲ್ಲಿ ನೆಲ್ಲಿಕಾಯಿ, ಸೀಬೆ, ಕಿತ್ತಳೆ ಇರಬೇಕು. ಇವುಗಳ ಸಿ ಜೀವಸತ್ವ ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ನಿಂಬೆಯನ್ನು ಒಲೆಯ ಮೇಲಿರುವಾಗಲೇ ಹಿಂಡಿದರೆ ಅದು ಹಾಳು.

ಹೊರಗೆ ಕಾಣುವ ಕೆಲವು ಗುರುತುಗಳಿವೆ. ಮಣ್ಣು, ಬಳಪ, ಗೋಡೆಯ ಸುಣ್ಣ, ಹಸಿ ಅಕ್ಕಿ ತಿನ್ನುವುದು ಒಂದು. ಇದನ್ನು ಕೆಟ್ಟ ಚಟವೆಂದು ಹೊಡೆದು ಬಿಡಿಸಲು ನೋಡುತ್ತಾರೆ, ಕಬ್ಬಿಣ ಕೊಟ್ಟರೆ ಎಷ್ಟೋ ಮಕ್ಕಳಲ್ಲಿ ತಾನಾಗಿ ನಿಲ್ಲುತ್ತದೆ. ಅಳುತ್ತಾ ಅಳುತ್ತಾ ಉಸಿರು ಕಟ್ಟಿ ನೀಲಿಯಾಗಿ ಅರೆಗಳಿಗೆ ಮೈಮರೆಯುವುದು ಇನ್ನೊಂದು. ರಾತ್ರಿಯ ಕಾಲೊದೆತ ಮತ್ತೊಂದು. ಮಣ್ಣು ತಿನ್ನುವುದರಲ್ಲಿ ಎರಡು ಪಟ್ಟು ಅಪಾಯವಿದೆ. ಕರುಳಿನಲ್ಲಿ ಕಬ್ಬಿಣವನ್ನು ಒಳಗೆ ಸಾಗಿಸುವ ಪ್ರೋಟೀನೇ ವಿಷಲೋಹವಾದ ಸೀಸವನ್ನೂ (ಲೆಡ್) ಸಾಗಿಸುತ್ತದೆ. ಕಬ್ಬಿಣ ಕಡಿಮೆಯಿದ್ದಾಗ ಕರುಳು ಆ ಪ್ರೋಟೀನನ್ನು ಹೆಚ್ಚು ಮಾಡುತ್ತದೆ, ಕಬ್ಬಿಣ ಸಿಗದ ಜಾಗದಲ್ಲಿ ಸೀಸ ನುಗ್ಗುತ್ತದೆ. ಹಳೆಯ ಬಣ್ಣ ಉದುರುವ ಗೋಡೆ ಅಥವಾ ಬ್ಯಾಟರಿ ಒಡೆಯುವ ಅಂಗಡಿ ಪಕ್ಕದಲ್ಲಿದ್ದರೆ ರಕ್ತದಲ್ಲಿ ಸೀಸದ ಮಟ್ಟವನ್ನೂ ನೋಡಿಸಿ.

ಪರೀಕ್ಷೆಯಲ್ಲಿ ಎಡವುವುದು ಸುಲಭ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 67ರಷ್ಟು ರಕ್ತಹೀನರು. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ 1ರಿಂದ 4 ವರ್ಷದವರಲ್ಲಿ ಕಂಡದ್ದು ಶೇ 41. ಇಷ್ಟು ಅಂತರಕ್ಕೆ ಒಂದು ಮುಖ್ಯ ಕಾರಣ, ಮೊದಲನೆಯದರಲ್ಲಿ ಬೆರಳತುದಿಯ ರಕ್ತ, ಎರಡನೆಯದರಲ್ಲಿ ರಕ್ತನಾಳದ ರಕ್ತ. ಬೆರಳನ್ನು ಹಿಂಡಿ ತೆಗೆದರೆ ಅಂಗಾಂಶದ ನೀರು ಬೆರೆತು ಅಂಕಿ ಕೆಳಗಿಳಿಯುತ್ತದೆ. ಸಂಶಯವಿದ್ದರೆ ನಾಳದಿಂದಲೇ ತೆಗೆದು ಪೂರ್ಣ ರಕ್ತಕಣ ಎಣಿಕೆ ಮತ್ತು ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಐದು ವರ್ಷದೊಳಗೆ ಫೆರಿಟಿನ್ 12ಕ್ಕಿಂತ ಕಡಿಮೆಯಿದ್ದರೆ ದಾಸ್ತಾನು ಖಾಲಿ. ಜ್ವರ-ಕೆಮ್ಮು ಇರುವಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ, ಹಾಗಾಗಿ ಎರಡು-ಮೂರು ವಾರ ಬಿಟ್ಟು ನೋಡುವುದು ಒಳ್ಳೆಯದು. ವರದಿಯಲ್ಲಿರುವ ಎಂಸಿವಿಯನ್ನು (ಕೆಂಪುಕಣದ ಸರಾಸರಿ ಗಾತ್ರ) ಕೆಂಪುಕಣಗಳ ಸಂಖ್ಯೆಯಿಂದ (ದಶಲಕ್ಷದಲ್ಲಿ) ಭಾಗಿಸಿದಾಗ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕತ್ವದ ಅನುಮಾನ. ಅದಕ್ಕೆ ಬೇರೆ ಪರೀಕ್ಷೆ ಬೇಕು, ಸುಮ್ಮನೆ ಕಬ್ಬಿಣ ಕುಡಿಸುತ್ತಾ ಹೋಗಬಾರದು.

ಚಿಕಿತ್ಸೆಯ ಪ್ರಮಾಣ ದಿನಕ್ಕೆ ಕೆ.ಜಿ.ಗೆ 3 ಮಿ.ಗ್ರಾಂ. ಶುದ್ಧ ಕಬ್ಬಿಣ. ಹತ್ತು ಕೆ.ಜಿ. ಮಗುವಿಗೆ 30 ಮಿ.ಗ್ರಾಂ. ಸರ್ಕಾರಿ ಸಿರಪ್‌ನ 1 ಮಿ.ಲೀ.ನಲ್ಲಿ 20 ಮಿ.ಗ್ರಾಂ. ಇರುವುದರಿಂದ ಒಂದೂವರೆ ಮಿ.ಲೀ. ಸಾಕು. 5 ಮಿ.ಲೀ.ಗೆ 50 ಮಿ.ಗ್ರಾಂ. ಇರುವ ಅಂಗಡಿ ಸಿರಪ್ ಆದರೆ 3 ಮಿ.ಲೀ. ಬೇಕು. ಬಾಟಲಿ ಬದಲಾದಾಗ ಚಮಚದ ಲೆಕ್ಕ ಹಾಗೇ ಉಳಿದುಬಿಡುವುದೇ ಅತಿ ಸಾಮಾನ್ಯ ತಪ್ಪು. ವೈದ್ಯರಿಂದ ಮಿ.ಗ್ರಾಂ.ನಲ್ಲೂ ಮಿ.ಲೀ.ನಲ್ಲೂ ಬರೆಸಿಕೊಳ್ಳಿ. ಹಾಲಿನ ಜೊತೆ ಕೊಡಬೇಡಿ, ಎರಡು ಊಟಗಳ ನಡುವೆ ಕೊಡಿ. ಕೆನ್ನೆಯ ಒಳಬದಿಗೆ ಹಾಕಿ ನೀರು ಕುಡಿಸಿದರೆ ಹಲ್ಲು ಕಪ್ಪಾಗುವುದಿಲ್ಲ. ಮಲ ಕಪ್ಪಾಗುವುದು ಸಹಜ. ಬಾಟಲಿ ಮಗುವಿನ ಕೈಗೆಟುಕಬಾರದು. ಸಿಹಿಯೆಂದು ಒಮ್ಮೆಲೇ ಕುಡಿದರೆ ಪ್ರಾಣಾಪಾಯ. ನಾಲ್ಕು ವಾರದಲ್ಲಿ ಹೀಮೋಗ್ಲೋಬಿನ್ 1 ಗ್ರಾಂ ಏರಬೇಕು. ಏರದಿದ್ದರೆ ಹಾಲು ಕಡಿಮೆಯಾಗಿಲ್ಲ, ಪ್ರಮಾಣ ತಪ್ಪಿದೆ ಅಥವಾ ಕಾರಣವೇ ಬೇರೆ. ಏರಿದ ಮೇಲೂ ದಾಸ್ತಾನಿಗಾಗಿ ಎರಡು-ಮೂರು ತಿಂಗಳು ಮುಂದುವರಿಸಬೇಕು. ಹೀಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಮನೆಯಲ್ಲಿ ಸಿರಪ್ ಹಾಕುತ್ತಾ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ರಕ್ತಹೀನತೆ ಇಲ್ಲದ ಮಕ್ಕಳಿಗೂ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಇದೇ ಸಿರಪ್ ವಾರಕ್ಕೆ ಎರಡು ಸಲ 1 ಮಿ.ಲೀ., ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆ ಇದೆ. ಶಾಲೆಯಲ್ಲಿ ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಕೊಡುವುದರಿಂದ ಮಾತ್ರೆ ಮಧ್ಯಾಹ್ನದ ಊಟದ ನಂತರವೇ ಸರಿ. ಜಂತುಹುಳದ ಅಲ್ಬೆಂಡಜೋಲ್ ಒಂದರಿಂದ ಎರಡು ವರ್ಷಕ್ಕೆ 200 ಮಿ.ಗ್ರಾಂ., ಮೇಲ್ಪಟ್ಟವರಿಗೆ 400.

ಈಗ ಮನೆಯ ಪರಿಸರದ ಪಾಲು. ಅಮೆರಿಕದ ಸಂಶೋಧಕಿ ಬೆಟ್ಸಿ ಲೋಝೋಫ್ ಮತ್ತು ಸಂಗಡಿಗರು ಕೋಸ್ಟರಿಕಾದಲ್ಲಿ ಶೈಶವದಲ್ಲಿ ದೀರ್ಘಕಾಲ ಕಬ್ಬಿಣದ ಕೊರತೆಯಿದ್ದ ಮಕ್ಕಳನ್ನು 19 ವರ್ಷದವರೆಗೆ ಗಮನಿಸಿ 2006ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಕಬ್ಬಿಣ ಕೊಟ್ಟಾಗಿತ್ತು, ರಕ್ತ ಸರಿಯಾಗಿತ್ತು. ಆದರೂ ಮಧ್ಯಮ ವರ್ಗದ ಮನೆಗಳಲ್ಲಿ ಕೊರತೆಯಿಲ್ಲದ ಮಕ್ಕಳಿಗೂ ಇವರಿಗೂ ಇದ್ದ ಬುದ್ಧಿಪರೀಕ್ಷೆಯ ಅಂಕಗಳ ಅಂತರ ಎಂಟು-ಒಂಬತ್ತರಲ್ಲೇ ನಿಂತಿತು. ಬಡ ಮನೆಗಳಲ್ಲಿ ಅದು 10ರಿಂದ 25ಕ್ಕೆ ಹಿಗ್ಗಿತು. ಕೊರತೆಯಿದ್ದ ಶಿಶುಗಳು ತಾಯಿಗೆ ಅಂಟಿಕೊಂಡು, ಹಿಂಜರಿಯುತ್ತಾ, ಕಡಿಮೆ ಆಡುತ್ತಿದ್ದವು ಎಂದು ಅದೇ ತಂಡ ಗುರುತಿಸಿತ್ತು. ಇಂಥ ಮಗು ಕರೆದರೆ ಓಗೊಡುವುದು ಕಡಿಮೆ. ಓಗೊಡದ ಮಗುವಿನೊಡನೆ ದೊಡ್ಡವರೂ ಮಾತು ಕಡಿಮೆ ಮಾಡುತ್ತಾರೆ, ಇದು ಪ್ರೀತಿಯ ಕೊರತೆಯಲ್ಲ, ಮನುಷ್ಯಸಹಜ. ರಕ್ತ ಸರಿಹೋದ ಮೇಲೂ ಆ ಮೌನ ಮನೆಯಲ್ಲಿ ಉಳಿದುಬಿಡುತ್ತದೆ.

ಆದ್ದರಿಂದ ಸಿರಪ್ ಶುರುವಾದ ದಿನವೇ ಇನ್ನೊಂದು ಕೆಲಸ ಶುರುವಾಗಬೇಕು. ದಿನಕ್ಕೆ ಎರಡು ಸಲ ಕಾಲು ಗಂಟೆ, ಮೊಬೈಲ್ ಮತ್ತು ಟಿವಿ ಬಂದ್. ಡಬ್ಬಿ-ಮುಚ್ಚಳ, ಲೋಟದೊಳಗೆ ಲೋಟ, ಬಟ್ಟೆಯಡಿ ಬಚ್ಚಿಟ್ಟ ಚಮಚ ಸಾಕು. ಮಗು ನೋಡಿದ್ದನ್ನು ಹೆಸರಿಸಿ, ಐದೆಣಿಸುವಷ್ಟು ಹೊತ್ತು ಸುಮ್ಮನಿದ್ದು ಅದರ ಸದ್ದಿಗೋ ಕೈಸನ್ನೆಗೋ ಕಾಯಿರಿ, ಬಂದರೆ ಮರುಮಾತಾಡಿ. ದೊಡ್ಡವರಿಗೆ ಕಷ್ಟವೆನಿಸುವುದು ಈ ಕಾಯುವಿಕೆಯೇ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986-87ರಿಂದ ಬೆಳವಣಿಗೆ ಕುಂಠಿತವಾದ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರಕ್ಕೊಮ್ಮೆ ಹೋಗಿ ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಇಂಥದ್ದನ್ನೇ ತಾಯಂದಿರಿಗೆ ತೋರಿಸಿಕೊಟ್ಟರು. ಆ ಮಕ್ಕಳು 22ರ ವಯಸ್ಸಿನಲ್ಲಿ, ಭೇಟಿಯಿಲ್ಲದವರಿಗಿಂತ ಶೇ 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು.

ಸಿರಪ್ ಶುರುವಾದ ಒಂದೆರಡು ವಾರದಲ್ಲಿ ಕಿರಿಕಿರಿ ಇಳಿದು ಹಸಿವು ಏರುವುದು ವಾಡಿಕೆ. ಮಾತು ನಿಧಾನ. ಮೂರು ತಿಂಗಳಾಗಿ, ರಕ್ತ ಸರಿಯಿದ್ದೂ, ಹದಿನೆಂಟು ತಿಂಗಳಾದರೂ ಬೆರಳು ಮಾಡಿ ತೋರಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಒಂದೂ ಅರ್ಥವಿರುವ ಮಾತು ಬರದಿದ್ದರೆ ಕಬ್ಬಿಣದ ಮೇಲೆ ಭಾರ ಹಾಕಿ ಕಾಯಬೇಡಿ. ಮೊದಲು ಶ್ರವಣ ಪರೀಕ್ಷೆ, ಆಮೇಲೆ ಬೆಳವಣಿಗೆಯ ತಪಾಸಣೆ. ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಅಂಗನವಾಡಿ ಮೂಲಕ ಚೀಟಿ ಬರೆಸಿಕೊಳ್ಳಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶಿಶುಗಳ ಶ್ರವಣ ಪರೀಕ್ಷೆ ಮಗು ನಿದ್ದೆಯಲ್ಲಿರುವಾಗಲೂ ಆಗುತ್ತದೆ.