ಇಂಟೆಲ್ ಕಂಪ್ಯೂಟರ್‌ಗೆ ಎಎಂಡಿ64 ಹಾಕಬಹುದಾ?

ಪ್ರಶ್ನೆ: ಲಿನಕ್ಸ್ ಹಾಕೋಣ ಅಂತ ಡೌನ್‌ಲೋಡ್ ಪುಟ ತೆರೆದೆ. ಎಎಂಡಿ64, ಐ386, ಎಆರ್‌ಎಂ64 ಅಂತೆಲ್ಲ ಇದೆ. ನನ್ನದು ಇಂಟೆಲ್ ಪ್ರಾಸೆಸರ್. ಇಂಟೆಲ್‌ಗೆ ಯಾವುದು ಅಂತ ಎಲ್ಲೂ ಬರೆದಿಲ್ಲ. ಯಾವುದನ್ನು ಇಳಿಸಿಕೊಳ್ಳಲಿ?

ಎಎಂಡಿ64 ಇಳಿಸಿಕೊಳ್ಳಿ. ಕಳೆದ ಹತ್ತು ವರ್ಷಗಳಲ್ಲಿ ಬಂದ ಇಂಟೆಲ್ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಆಗಿದ್ದರೆ ಬೇರೆ ಯೋಚನೆಯೇ ಬೇಡ.

ಹೀಗೆ ಹೇಳಿದ ಕೂಡಲೇ ಮರುಪ್ರಶ್ನೆ ಬರುತ್ತದೆ: "ಅದು ಎಎಂಡಿ ಕಂಪನಿಯ ಪ್ರಾಸೆಸರ್‌ಗೆ ಅಲ್ವಾ?" ಅಲ್ಲ. ಎಷ್ಟು ಸಲ ಹೇಳಿದರೂ ಈ ತಪ್ಪು ತಿಳಿವಳಿಕೆ ಹೋಗುತ್ತಿಲ್ಲ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ನಮ್ಮ ಪಿಸಿಗಳು ಬಹುಕಾಲ ಓಡಿದ್ದು ಇಂಟೆಲ್ ಹಾಕಿದ ದಾರಿಯಲ್ಲಿ. 1978ರ 8086 ಚಿಪ್‌ನಿಂದ ಶುರುವಾದ, ಪ್ರಾಸೆಸರ್‌ಗೆ ಅರ್ಥವಾಗುವ ಎಕ್ಸ್86 ಆದೇಶಗಳ ಕಟ್ಟು ಅದು. 1985ರಲ್ಲಿ 80386 ಬಂದಾಗ ಅದು 32 ಬಿಟ್ ಆಯಿತು, ಅಂದರೆ ಚಿಪ್ ಒಂದು ಸಲಕ್ಕೆ 32 ಬಿಟ್‌ನಷ್ಟು ಮಾಹಿತಿ ಹಿಡಿದು ಕೆಲಸ ಮಾಡುವಂತಾಯಿತು. ಐ386 ಅನ್ನುವ ಹೆಸರು ಉಳಿದುಕೊಂಡಿದ್ದು ಅಲ್ಲಿಂದ. ಮುಂದೆ 64 ಬಿಟ್‌ಗೆ ಹೋಗುವ ಹೊತ್ತು ಬಂದಾಗ ಇಂಟೆಲ್ ಹಳೆಯ ದಾರಿ ಬಿಟ್ಟು ಇಟೇನಿಯಂ ಎಂಬ ಹೊಸದೇ ವಿನ್ಯಾಸಕ್ಕೆ ಕೈ ಹಾಕಿತು. 2001ರಲ್ಲಿ ಅದು ಹೊರಬಂತು. ಹಳೆಯ ಪ್ರೋಗ್ರಾಂಗಳು ಅದರ ಮೇಲೆ ತೀರಾ ನಿಧಾನವಾಗಿ ಓಡುತ್ತಿದ್ದವು. ಎಎಂಡಿ ಮಾಡಿದ್ದು ಬೇರೆ. ಇದ್ದ ಎಕ್ಸ್86ನ್ನೇ 64 ಬಿಟ್‌ಗೆ ಹಿಗ್ಗಿಸಿ, ಹಳೆಯ 32 ಬಿಟ್ ಪ್ರೋಗ್ರಾಂಗಳೂ ಅದೇ ಚಿಪ್‌ನಲ್ಲಿ ಪೂರ್ತಿ ವೇಗದಲ್ಲಿ ಓಡುವಂತೆ ಮಾಡಿತು. 2003ರಲ್ಲಿ ಅದರ ಆಪ್ಟೆರಾನ್, ಅಥ್ಲಾನ್ 64 ಚಿಪ್‌ಗಳು ಬಂದವು. ಮಾರನೇ ವರ್ಷವೇ ಇಂಟೆಲ್ ಕೂಡ ಅದೇ ಆದೇಶಗಳನ್ನು ತನ್ನ ಚಿಪ್‌ಗಳಿಗೆ ಅಳವಡಿಸಿತು. ಇವತ್ತು ಇಂಟೆಲ್ 64 ಅಂತ ಅದು ಕರೆಯುವುದೂ ಇದನ್ನೇ.

ಅಂದರೆ ಎಎಂಡಿ64 ಅನ್ನುವುದು ವಿನ್ಯಾಸವನ್ನು ಮೊದಲು ರೂಪಿಸಿದವರ ಹೆಸರು. ನಿಮ್ಮ ಚಿಪ್ ತಯಾರಿಸಿದವರ ಹೆಸರಲ್ಲ. ಲಿನಕ್ಸ್ ಬಗೆಗಳಲ್ಲಿ ಡೆಬಿಯನ್, ಉಬುಂಟು ಎಎಂಡಿ64 ಅನ್ನುತ್ತವೆ. ಫೆಡೋರಾ ಎಕ್ಸ್86-64 ಅನ್ನುತ್ತದೆ. ಮೈಕ್ರೋಸಾಫ್ಟ್ ಎಕ್ಸ್64 ಅನ್ನುತ್ತದೆ. ಮೂರೂ ಒಂದೇ.

ನಂಬಿಕೆ ಬರಲಿಲ್ವಾ? ನಿಮ್ಮ ಇಂಟೆಲ್ ಕಂಪ್ಯೂಟರ್‌ನಲ್ಲಿ 64 ಬಿಟ್ ವಿಂಡೋಸ್ ಇದ್ದರೆ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ತೆರೆದು ನೋಡಿ. ಸಿಸ್ಟಂ ಪಟ್ಟಿಯಲ್ಲಿ ಪ್ರಾಸೆಸರ್ ಆರ್ಕಿಟೆಕ್ಚರ್ ಎದುರು ಎಎಂಡಿ64 ಅಂತಲೇ ಇರುತ್ತದೆ. ನೀವು ಇಷ್ಟು ವರ್ಷ ಓಡಿಸುತ್ತಿದ್ದದ್ದೂ ಅದನ್ನೇ. ಇದನ್ನು ತಿರುಗಿಸಿಯೂ ನೋಡಬಹುದು. ಎಎಂಡಿಯದೇ ಆದ ಹಳೆಯ ಅಥ್ಲಾನ್ ಎಕ್ಸ್‌ಪಿ ಮೇಲೆ ಎಎಂಡಿ64 ಆವೃತ್ತಿ ಓಡುವುದಿಲ್ಲ, ಯಾಕಂದರೆ ಅದು 32 ಬಿಟ್ ಚಿಪ್. ಕಂಪನಿ ನೋಡಿ ಆರಿಸುವುದು ಎರಡೂ ಕಡೆಯಿಂದ ತಪ್ಪು.

ನಾನು ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ಈ ಗೊಂದಲದಿಂದ ಜನ ನಿಜವಾಗಿಯೂ ತಪ್ಪು ಫೈಲ್ ಹಾಕಿಕೊಳ್ಳುತ್ತಾರೆ. ಐ386ನಲ್ಲಿ 'ಐ' ಇದೆ, ಹಾಗಾಗಿ ಇಂಟೆಲ್‌ನದ್ದೇ ಇರಬೇಕು ಅಂತ ಅದನ್ನು ಇಳಿಸಿಕೊಳ್ಳುತ್ತಾರೆ. ಅದು ಓಡುತ್ತದೆ ಕೂಡ, ಅದೇ ತೊಂದರೆ. 8 ಜಿಬಿ ರ್‍ಯಾಮ್ ಇರುವ ಯಂತ್ರಕ್ಕೆ 32 ಬಿಟ್ ವಿಂಡೋಸ್ 10 ಹಾಕಿದರೆ ಸುಮಾರು 3ರಿಂದ 3.5 ಜಿಬಿ ಮಾತ್ರ ಬಳಕೆಗೆ ಸಿಗುತ್ತದೆ. ಉಳಿದದ್ದು ಸುಮ್ನೆ ಇರುತ್ತದೆ. 32 ಬಿಟ್ ಲಿನಕ್ಸ್ ಜಾಸ್ತಿ ರ್‍ಯಾಮ್ ಬಳಸಬಲ್ಲದು. ಆದರೆ ಅಲ್ಲೂ ಒಂದೊಂದು ಪ್ರೋಗ್ರಾಂಗೆ 4 ಜಿಬಿಯ ಗಡಿ ದಾಟಲು ಆಗುವುದಿಲ್ಲ. ಇನ್ನು ಹಳೆಯ ಪಟ್ಟಿಗಳಲ್ಲಿ ಕಾಣುವ ಐಎ-64 ಇಟೇನಿಯಂಗೆ ಮಾತ್ರ. ಅದನ್ನು ಮುಟ್ಟಬೇಡಿ.

ಇನ್ನೊಂದು ಭಯವನ್ನೂ ಬಿಡಿ. ತಪ್ಪು ಆವೃತ್ತಿಯಿಂದ ಬೂಟ್ ಮಾಡಿದರೆ ಪ್ರಾಸೆಸರ್ ಸುಟ್ಟು ಹೋಗುವುದಿಲ್ಲ. 32 ಬಿಟ್ ಚಿಪ್ ಮೇಲೆ 64 ಬಿಟ್ ಲಿನಕ್ಸ್ ಶುರುಮಾಡಿದರೆ, ಇದಕ್ಕೆ ಎಕ್ಸ್86-64 ಪ್ರಾಸೆಸರ್ ಬೇಕು ಎಂದು ಪರದೆಯ ಮೇಲೆ ತೋರಿಸಿ ನಿಂತುಬಿಡುತ್ತದೆ. ಅಷ್ಟೇ.

ಎಆರ್‌ಎಂ64 ಮಾತ್ರ ಪೂರ್ತಿ ಬೇರೆ ಕುಲ. 2020ರ ಕೊನೆಯಿಂದ ಬಂದ ಎಂ ಸರಣಿಯ ಚಿಪ್‌ನ ಮ್ಯಾಕ್‌ಗಳು, ಸ್ನ್ಯಾಪ್‌ಡ್ರ್ಯಾಗನ್ ಲ್ಯಾಪ್‌ಟಾಪ್‌ಗಳು, ಹೊಸ ರಾಸ್ಪ್‌ಬೆರಿ ಪೈಗಳು ಈ ಗುಂಪಿಗೆ ಸೇರಿದವು. ಇದೂ 64 ಬಿಟ್ಟೇ. ಆದರೆ ಎಕ್ಸ್86 ಆದೇಶಗಳು ಇದಕ್ಕೆ ನೇರವಾಗಿ ಅರ್ಥವಾಗುವುದಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಲ್ಯಾಪ್‌ಟಾಪ್‌ನ ವಿಂಡೋಸ್ 11ರಲ್ಲಿ ಎಕ್ಸ್64 ಆಪ್‌ಗಳು ಎಮ್ಯುಲೇಷನ್ (ಆದೇಶಗಳನ್ನು ಅನುವಾದಿಸಿ ಓಡಿಸುವುದು) ಮೂಲಕ ಓಡುತ್ತವೆ, ನಿಜ. ಆದರೂ ಆಪರೇಟಿಂಗ್ ಸಿಸ್ಟಂ ಮತ್ತು ಡ್ರೈವರ್‌ಗಳು ಎಆರ್‌ಎಂ64 ಆವೃತ್ತಿಯವೇ ಆಗಿರಬೇಕು.

ನಿಮ್ಮದು ಯಾವುದು ಅಂತ ನೋಡುವುದು ಸುಲಭ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್‌ಗೆ ಹೋಗಿ ಸಿಸ್ಟಂ ಟೈಪ್ ಓದಿ. ಪೂರ್ತಿ ಓದಿ, ಅಲ್ಲಿ ಎರಡು ಸಂಗತಿ ಇರುತ್ತವೆ: ಈಗಿರುವ ವಿಂಡೋಸ್ ಎಷ್ಟು ಬಿಟ್, ಪ್ರಾಸೆಸರ್ ಯಾವ ಬಗೆ. 32 ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಪ್ರಾಸೆಸರ್ ಅಂತ ಇದ್ದರೆ ನಿಮ್ಮ ಚಿಪ್ 64 ಬಿಟ್ಟಿನದು, ವಿಂಡೋಸ್ ಮಾತ್ರ ಹಿಂದುಳಿದಿದೆ. ಆಗ ಅಪ್‌ಗ್ರೇಡ್ ಕೆಲಸಕ್ಕೆ ಬರುವುದಿಲ್ಲ. ಫೈಲ್‌ಗಳನ್ನು ಬೇರೆ ಕಡೆ ಉಳಿಸಿಕೊಂಡು ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಲಿನಕ್ಸ್‌ನ ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು (lscpu) ಎಂದು ಟೈಪ್ ಮಾಡಿದರೆ ಚಿಪ್ ಯಾವ ಯಾವ ಮೋಡ್‌ನಲ್ಲಿ ಓಡಬಲ್ಲದು ಎಂದು ಹೇಳುತ್ತದೆ. ಹಳೆಯ ಯಂತ್ರವಾದರೆ ಇದನ್ನು ನೋಡದೆ ಮುಂದೆ ಹೋಗಬೇಡಿ. 2006ರ ಶುರುವಿನ ಕೋರ್ ಡ್ಯುಯೊ 32 ಬಿಟ್. ಅದೇ ವರ್ಷ ಆಮೇಲೆ ಬಂದ ಕೋರ್ 2 ಡ್ಯುಯೊ 64 ಬಿಟ್. ಹೆಸರಲ್ಲಿ ಒಂದೇ ಒಂದು ಅಂಕಿ ವ್ಯತ್ಯಾಸ.

ಇಲ್ಲಿಗೇ ಬಿಡಬಹುದಿತ್ತು. ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇದೆ, ಮುಂದೆ ಇದೇ ಜಾಸ್ತಿ ಕಾಡಲಿದೆ. ಎಎಂಡಿ64 ಅಂದ ಮೇಲೆ ಎಲ್ಲ ಎಎಂಡಿ64 ಚಿಪ್‌ಗಳಲ್ಲೂ ಓಡಲೇಬೇಕಾ? ಇಲ್ಲ. 2003ರ ನಂತರ ಈ ಕಟ್ಟಿಗೆ ಹೊಸ ಆದೇಶಗಳು ಸೇರುತ್ತಾ ಬಂದಿವೆ. ಅವನ್ನು 2020ರಲ್ಲಿ ವಿ1ರಿಂದ ವಿ4ರ ತನಕ ಹಂತಗಳಾಗಿ ವಿಂಗಡಿಸಿದರು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ಕ್ಕೆ ವಿ2 ಬೇಕು, 10ಕ್ಕೆ ವಿ3 ಬೇಕು. ವಿ3 ಅಂದರೆ ಎವಿಎಕ್ಸ್2 ಎಂಬ ಆದೇಶಗಳ ಗುಂಪು ಇರಲೇಬೇಕು. ಇಂಟೆಲ್‌ನಲ್ಲಿ ಅದು ಬಂದದ್ದು 2013ರ 4ನೇ ತಲೆಮಾರಿನ ಕೋರ್ ಚಿಪ್‌ಗಳಲ್ಲಿ, ಅದೇ ತಲೆಮಾರಿನ ಪೆಂಟಿಯಂ, ಸೆಲೆರಾನ್‌ಗಳಲ್ಲಿ ಇಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಗೂ ಎಸ್‌ಎಸ್‌ಇ4.2 ಎಂಬ ಇನ್ನೊಂದು ಗುಂಪು ಬೇಕು, ಕೋರ್ 2 ಡ್ಯುಯೊದಲ್ಲಿ ಅದು ಇಲ್ಲ. ಹಾಗಾಗಿ ಆ ಚಿಪ್ 64 ಬಿಟ್ಟೇ ಆದರೂ ಅದರ ಮೇಲೆ ಈ ವಿಂಡೋಸ್ ಬೂಟ್ ಆಗುವುದೇ ಇಲ್ಲ. ಅಂಥ ಯಂತ್ರ ಇನ್ನೂ ಚೆನ್ನಾಗಿದ್ದರೆ ಎಸೆಯಬೇಡಿ. ಡೆಬಿಯನ್ 13ರ ಎಎಂಡಿ64 ಆವೃತ್ತಿ ಮೊದಲ ಹಂತದ ಚಿಪ್‌ಗಳಲ್ಲೂ ಓಡುತ್ತದೆ, ಅದನ್ನು ಹಾಕಿಕೊಳ್ಳಿ.