ಲ್ಯಾಂಕಾಸ್ಟರ್‌ನ ನತದೃಷ್ಟ ಅಣ್ಣ

ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್ ಅಂದರೆ ತುಂಬ ಜನರಿಗೆ ನೆನಪಾಗುವುದು ಲ್ಯಾಂಕಾಸ್ಟರ್. ಅಂಥ 7,377 ವಿಮಾನಗಳು ತಯಾರಾದವು. ಆದರೆ 1941ರ ಜನವರಿ 9ರಂದು ಅದು ಮೊದಲ ಸಲ ಹಾರಿದಾಗ ಅದನ್ನು ಕರೆಯುತ್ತಿದ್ದದ್ದು 'ಮ್ಯಾಂಚೆಸ್ಟರ್ 3' ಅಂತ. ಹಾಗಾದರೆ ಅದಕ್ಕೂ ಮೊದಲಿನ ಮ್ಯಾಂಚೆಸ್ಟರ್ ಏನಾಯಿತು?

ಕಥೆ ಶುರುವಾಗುವುದು 1936ರಲ್ಲಿ. ಬ್ರಿಟನ್ನಿನ ವಾಯು ಸಚಿವಾಲಯ ಪಿ.13/36 ಎಂಬ ಬೇಡಿಕೆ ಪಟ್ಟಿ ಹೊರಡಿಸಿತು. ಎರಡೇ ಎಂಜಿನ್ ಇರಬೇಕು, ಬಾಂಬ್ ಜಾಸ್ತಿ ಹೊರಬೇಕು. ಕವಣೆಯಂಥ ಯಂತ್ರದಿಂದ ಚಿಮ್ಮಿಸಿ ಹಾರಿಸುವಂತಿರಬೇಕು, ಓರೆಯಾಗಿ ಎರಗಿ ಬಾಂಬ್ ಹಾಕಬೇಕು, ಟಾರ್ಪೆಡೊ ಕೂಡ ಒಯ್ಯಬೇಕು. ಒಂದೇ ವಿಮಾನದಿಂದ ಇಷ್ಟೆಲ್ಲ! ಆವ್ರೊ ಕಂಪನಿಯ ವಿನ್ಯಾಸಕಾರ ರಾಯ್ ಚಾಡ್ವಿಕ್ ಒಪ್ಪಿಕೊಂಡರು. 1939ರ ಜುಲೈ 25ರಂದು, ಯುದ್ಧಕ್ಕೆ ಇನ್ನೂ ಒಂದು ತಿಂಗಳಿರುವಾಗ, ಮ್ಯಾಂಚೆಸ್ಟರ್ ಮೊದಲ ಬಾರಿ ಹಾರಿತು.

ಎರಡೇ ಎಂಜಿನ್ ಅಂದಮೇಲೆ ಒಂದೊಂದೂ ಭಾರಿ ಶಕ್ತಿಯದ್ದಾಗಿರಬೇಕು. ರೋಲ್ಸ್ ರಾಯ್ಸ್ ಅದಕ್ಕೆ ತೋರಿಸಿದ್ದು ವಲ್ಚರ್ ಎಂಬ ಹೊಸ ಎಂಜಿನ್. 'ವಿ' ಆಕಾರದ 12 ಸಿಲಿಂಡರ್ ಎಂಜಿನ್ ಒಂದರ ಕೆಳಗೆ ಇನ್ನೊಂದನ್ನು ತಲೆಕೆಳಗಾಗಿ ಸೇರಿಸಿದರೆ 'ಎಕ್ಸ್' ಆಗುತ್ತದಲ್ಲ, ಅದೇ ಇದು. 24 ಸಿಲಿಂಡರ್‌ಗಳ ಬಲವೆಲ್ಲ ಒಂದೇ ಕ್ರ್ಯಾಂಕ್‌ಶಾಫ್ಟ್ ಮೇಲೆ, ಅಂದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡದ ಮೇಲೆ. ಕಾಗದದ ಮೇಲೆ ಜಾಣ ಉಪಾಯವೇ. ಆದರೆ ಕ್ರ್ಯಾಂಕಿನ ಒಂದೊಂದು ಜಾಗಕ್ಕೆ ಪಿಸ್ಟನ್‌ಗಳಿಂದ ಬರುವ ನಾಲ್ಕು ಕನೆಕ್ಟಿಂಗ್ ರಾಡ್‌ಗಳು ಬಂದು ಸೇರುತ್ತಿದ್ದವು. ಅಲ್ಲಿ ಬೇರಿಂಗ್‌ಗಳು ಹಾಳಾಗುತ್ತಿದ್ದವು, ಎಣ್ಣೆ ಸರಿಯಾಗಿ ತಲುಪುತ್ತಿರಲಿಲ್ಲ, ಎಂಜಿನ್ ಕಾದು ಬೆಂಕಿ ಹತ್ತುವುದೂ ಇತ್ತು. 1,760 ಅಶ್ವಶಕ್ತಿ ಕೊಡಬೇಕಿದ್ದ ಎಂಜಿನನ್ನು ಸುಮಾರು 1,500ಕ್ಕೆ ಇಳಿಸಿ ಓಡಿಸಬೇಕಾಯಿತು. ಹೊರೆ ತುಂಬಿದ ವಿಮಾನದ ಒಂದು ಎಂಜಿನ್ ನಿಂತರೆ ಇನ್ನೊಂದರ ಮೇಲೆ ಎತ್ತರ ಉಳಿಸಿಕೊಳ್ಳುವುದು ಆಗದ ಮಾತು. ರೋಲ್ಸ್ ರಾಯ್ಸ್‌ಗೂ ಇದನ್ನೇ ಹಿಡಿದು ಕೂರಲು ಪುರುಸೊತ್ತಿರಲಿಲ್ಲ. ಸ್ಪಿಟ್‌ಫೈರ್, ಹರಿಕೇನ್‌ ಫೈಟರ್ ವಿಮಾನಗಳಿಗೆ ಮರ್ಲಿನ್ ಎಂಜಿನ್ ಒದಗಿಸುವುದೇ ಆಗ ದೊಡ್ಡ ಕೆಲಸವಾಗಿತ್ತು.

ಇದೇ ಪಟ್ಟಿಗೆ ವಿಮಾನ ರೂಪಿಸುತ್ತಿದ್ದ ಹ್ಯಾಂಡ್ಲಿ ಪೇಜ್ ಕಂಪನಿ ಮೊದಲೇ ವಲ್ಚರ್ ಬಿಟ್ಟು ನಾಲ್ಕು ಮರ್ಲಿನ್‌ಗಳಿಗೆ ಬದಲಾಗಿತ್ತು. ಅದೇ ಹ್ಯಾಲಿಫ್ಯಾಕ್ಸ್ ಬಾಂಬರ್. ಆವ್ರೊ ಮಾತ್ರ ಸಿಕ್ಕಿಹಾಕಿಕೊಂಡಿತು.

1940ರ ನವೆಂಬರಿನಲ್ಲಿ 207ನೇ ಸ್ಕ್ವಾಡ್ರನ್‌ಗೆ ಮ್ಯಾಂಚೆಸ್ಟರ್ ಬಂತು. 1941ರ ಫೆಬ್ರವರಿಯಲ್ಲಿ ಫ್ರಾನ್ಸಿನ ಬ್ರೆಸ್ಟ್ ಬಂದರಿನ ಮೇಲೆ ಮೊದಲ ದಾಳಿ. ಆಮೇಲೆ ಎಂಜಿನ್ ತೊಂದರೆಗೆ ಎಲ್ಲ ವಿಮಾನಗಳನ್ನೂ ನೆಲದಲ್ಲೇ ನಿಲ್ಲಿಸುವುದು, ರಿಪೇರಿ, ಮತ್ತೆ ಹಾರಾಟ. ಬಾಲವೂ ತಕರಾರು ಮಾಡುತ್ತಿತ್ತು. ಅದರ ನಡುವೆ ನೆಟ್ಟಗೆ ನಿಲ್ಲುವ ಮೂರನೇ ಫಿನ್ ಸೇರಿಸಿದರು, ಕೊನೆಗೆ ಅದನ್ನು ತೆಗೆದು ಪಕ್ಕದ ಎರಡನ್ನೇ ದೊಡ್ಡದು ಮಾಡಿದರು. ಸುಮಾರು 200 ತಯಾರಾಗುವಷ್ಟರಲ್ಲಿ ಉತ್ಪಾದನೆ ನಿಂತಿತು.

ನನಗೆ ತಮಾಷೆ ಅನಿಸುವುದು ಬೇರೆ. ಆ ವಿಚಿತ್ರ ಬೇಡಿಕೆ ಪಟ್ಟಿಯನ್ನು ನೋಡಿ ನಗಬಹುದು, ಆದರೆ ಕವಣೆಯ ಎಳೆತ ತಾಳಬೇಕೆಂದು ಮೈ ಗಟ್ಟಿಯಾಯಿತು. ಟಾರ್ಪೆಡೊ ಹಿಡಿಸಬೇಕೆಂದು ಹೊಟ್ಟೆಯಡಿ 33 ಅಡಿ ಉದ್ದದ, ಅಡ್ಡಗೋಡೆಯಿಲ್ಲದ ಬಾಂಬ್ ಕೋಣೆ ಬಂತು. ಚಾಡ್ವಿಕ್ ತಂಡ ಅದೇ ಒಡಲಿಗೆ ಉದ್ದನೆಯ ರೆಕ್ಕೆ, ನಾಲ್ಕು ಮರ್ಲಿನ್ ಕೂರಿಸಿತು. ಮುಂದೆ 22,000 ಪೌಂಡ್ ತೂಕದ ಗ್ರ್ಯಾಂಡ್ ಸ್ಲ್ಯಾಮ್ ಬಾಂಬನ್ನು ಲ್ಯಾಂಕಾಸ್ಟರ್ ಹೊತ್ತದ್ದು ಇದೇ ಹೊಟ್ಟೆಯಲ್ಲಿ.

ಆದರೆ ಈ ಕಲಿಕೆಗೆ ಬೆಲೆ ಕೊಟ್ಟವರು ಕಾರ್ಖಾನೆಯವರಲ್ಲ, ಒಳಗೆ ಕೂತು ಹಾರಿದ ಹುಡುಗರು. ಅವರಲ್ಲೊಬ್ಬ ಪೈಲಟ್ ಲೆಸ್ಲಿ ಮ್ಯಾನ್ಸರ್ ಹುಟ್ಟಿದ್ದು ನಮ್ಮ ನವದೆಹಲಿಯಲ್ಲಿ. 1942ರ ಮೇ 30ರ ರಾತ್ರಿ ಜರ್ಮನಿಯ ಕಲೋನ್ ನಗರದ ಮೇಲೆ ಸಾವಿರ ಬಾಂಬರ್‌ಗಳು ಹೊರಟಾಗ ಅವರಿಗೆ ಸಿಕ್ಕಿದ್ದು ಮ್ಯಾಂಚೆಸ್ಟರ್. ವಯಸ್ಸು 20. ವಿಮಾನ 7,000 ಅಡಿಗಿಂತ ಮೇಲೇರಲಿಲ್ಲ. ಬಾಂಬ್ ಹಾಕಿ ಮರಳುವಾಗ ಗುಂಡೇಟು ಬಿದ್ದು ಎಡ ಎಂಜಿನ್ ಹೊತ್ತಿಕೊಂಡಿತು. ಪ್ಯಾರಾಚೂಟ್ ಚಾಚಿದ ಜೊತೆಗಾರನನ್ನು ಬೇಡವೆಂದು ಕಳಿಸಿ, ಉಳಿದವರೆಲ್ಲ ಹಾರುವವರೆಗೆ ವಿಮಾನವನ್ನು ಅಲುಗದಂತೆ ಹಿಡಿದರು. ಅದು ಬೆಲ್ಜಿಯಂನ ಬ್ರೇ ಊರಿನ ಹತ್ತಿರ ಬಿತ್ತು. ತಪ್ಪಿಸಿಕೊಂಡು ಇಂಗ್ಲೆಂಡಿಗೆ ಮರಳಿದ ಐವರು ನಡೆದದ್ದನ್ನು ಹೇಳಿದ್ದರಿಂದ ಅಕ್ಟೋಬರಿನಲ್ಲಿ ಮ್ಯಾನ್ಸರ್‌ಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಅಷ್ಟೊತ್ತಿಗೆ ಮ್ಯಾಂಚೆಸ್ಟರ್ ದಾಳಿಗೆ ಹೋಗುವುದನ್ನು ಬಿಟ್ಟು ಮೂರು ತಿಂಗಳು ದಾಟಿತ್ತು.